ಮನೆಯಿಲ್ಲದ ಗುಂಡಿ

"ಇವತ್ತು ಸ್ವೆಟರ್ ಗುಂಡಿ ನೀನೇ ಹಾಕ್ಕೊ ಪುಟ್ಟಿ," ಎಂದು ಅಪ್ಪ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಪುಟ್ಟಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಬೆಳಿಗ್ಗೆ ಎದ್ದರೆ ಅವಳು "ನಾನೇ, ನಾನೇ" ಎಂದು ಹಟ ಹಿಡಿಯುವುದು, ಅಪ್ಪ ಅವಳ ಕೈ ಸರಿಸಿ ಪಟಪಟನೆ ಗುಂಡಿ ಹಾಕಿ, ಮೂಟೆಯ ಹಾಗೆ ಎತ್ತಿಕೊಂಡು ಮೆಟ್ಟಿಲಿಳಿದು ಓಡುವುದು, ಇದು ಆ ಮನೆಯ ಪದ್ಧತಿ. ಅದೇ ಅಪ್ಪ ಇವತ್ತು ಕೆನ್ನೆಗೆ ಕೈ ಕೊಟ್ಟು, ಜಗತ್ತಿನಲ್ಲಿ ಬೇರೆ ಕೆಲಸವೇ ಇಲ್ಲದವನಂತೆ ಅವಳನ್ನೇ ನೋಡುತ್ತಿದ್ದ. ಹಿಂದಿನ ಕಪಾಟಿನ ಮೇಲೆ ಅವನ ಫೋನೂ ನೆಟ್ಟಗೆ ನಿಂತು ನೋಡುತ್ತಿತ್ತು.

ಅಪ್ಪ ಆನಿಮೇಟರ್. ಅವನ ಸ್ಟುಡಿಯೋದಲ್ಲಿ ತಯಾರಾಗುತ್ತಿದ್ದ ಚಿತ್ರ ಬದುಕಿನ ಉದ್ದೇಶವನ್ನು ಕುರಿತದ್ದು. ಏನೋ ದೊಡ್ಡದನ್ನು ಹುಡುಕಿ ಊರೂರು ಅಲೆದ ಒಬ್ಬ ತಂದೆ ಕೊನೆಗೆ ಮನೆಗೆ ಬಂದು, ಮಗಳು ಕೋಟಿನ ಗುಂಡಿ ಹಾಕಿಕೊಳ್ಳುವುದನ್ನು ಸುಮ್ಮನೆ ಕೂತು ನೋಡುತ್ತಾನೆ. ಹುಡುಕಿದ್ದು ಇದನ್ನೇ ಎಂದು ಅವನಿಗೆ ಹೊಳೆಯುತ್ತದೆ. ಆ ದೃಶ್ಯದ ಚಿತ್ರ ಬರೆಯುವ ಕೆಲಸ ಪುಟ್ಟಿಯ ಅಪ್ಪನ ಪಾಲಿಗೆ ಬಂದಿತ್ತು. ಸುಮ್ಮನೆ ಕೂರುವ ಆ ಒಂದು ದೃಶ್ಯಕ್ಕಾಗಿ ಇವನು ಊಟ ನಿದ್ದೆ ಬಿಟ್ಟು ದುಡಿಯುತ್ತಿದ್ದ. ಬೆರಳುಗಳ ಚಲನೆ ನೋಡಿ ಬರೆಯಲೆಂದು ಕನ್ನಡಿಯ ಮುಂದೆ ನಿಂತು ತಾನೇ ಮಗುವಿನಂತೆ ಗುಂಡಿ ಹಾಕಿ ನೋಡಿಕೊಂಡ. ದಪ್ಪ ಬೆರಳುಗಳು ಮಾತು ಕೇಳಲಿಲ್ಲ. "ಮನೇಲೇ ಮಗು ಇಟ್ಕೊಂಡು ಇಷ್ಟು ಪರದಾಡ್ತೀರಲ್ರೀ!" ಎಂದು ನಿರ್ದೇಶಕಿ ನಕ್ಕಿದ್ದರು.

ಪುಟ್ಟಿ ನಾಲಿಗೆಯ ತುದಿ ಹೊರಗಿಟ್ಟುಕೊಂಡು ಕೆಳಗಿನಿಂದ ಶುರುಮಾಡಿದಳು. ಮೊದಲ ಗುಂಡಿಯೇ ಪಕ್ಕದ ತೂತಿಗೆ ಹೋಯಿತು. ಕುತ್ತಿಗೆಯವರೆಗೆ ಬಂದಾಗ ಮೇಲೊಂದು ಗುಂಡಿ ಅನಾಥವಾಗಿ ಉಳಿಯಿತು. "ಅಯ್ಯೋ, ಇದಕ್ಕೆ ಮನೇನೇ ಇಲ್ಲ ಅಪ್ಪಾ!"

"ಭೇಷ್!" ಎಂದು ಅಪ್ಪ ಕುಣಿದಾಡಿಬಿಟ್ಟ. ಅವಳನ್ನು ಎತ್ತಿ ಮುದ್ದಾಡಿದ. ಆಮೇಲೆ ಗಡಿಯಾರ ನೋಡಿ, ಗುಂಡಿಗಳನ್ನೆಲ್ಲ ಬಿಚ್ಚಿ ಪಟಪಟನೆ ಸರಿಯಾಗಿ ಹಾಕಿದ.

ಮರುದಿನ ಪುಟ್ಟಿ ತಾನಾಗಿ ಸ್ವೆಟರ್ ತಂದು ಅವನೆದುರು ಕೂತಳು. "ಅದು ಮುಗೀತು ಕಂದಾ, ಲೇಟಾಯ್ತು," ಎಂದು ಅಪ್ಪ ಅವಳ ಕೈ ಸರಿಸಿದ. ಅವಳೇನೂ ಸೋಲಲಿಲ್ಲ. ಸಂಜೆ ಕುರ್ಚಿಯ ಮೇಲೆ ನೇತುಬಿದ್ದಿದ್ದ ಅವನ ಅಂಗಿಗೆ ಗುಂಡಿ ಹಾಕಿ, ತೆಗೆದು, ಮತ್ತೆ ಹಾಕಿ ಕೈ ಪಳಗಿಸಿಕೊಂಡಳು. ಅಪ್ಪ ಇನ್ನೊಮ್ಮೆ ಕೂತು ನೋಡಿದಾಗ ದಂಗಾಗಬೇಕು, ಅಷ್ಟೇ ಅವಳ ಆಸೆ.

ಆ ದಿನ ಬಂದೇ ಬಂತು. ವಿಡಿಯೋದಲ್ಲಿ ಬೆರಳು ಸರಿಯಾಗಿ ಕಾಣುತ್ತಿಲ್ಲ, ಪಕ್ಕದಿಂದ ಇನ್ನೊಮ್ಮೆ ಬೇಕು ಎಂದರು ನಿರ್ದೇಶಕಿ. ಅಪ್ಪ ಮತ್ತೆ ಕೂತ, ಫೋನ್ ಮತ್ತೆ ನಿಂತಿತು. ಪುಟ್ಟಿ ಒಂದೂ ತಪ್ಪದೆ ಗುಂಡಿಗಳನ್ನೆಲ್ಲ ಹಾಕಿ, ಮುಖವರಳಿಸಿ ಅವನನ್ನು ನೋಡಿದಳು.

"ಹಾಗಲ್ಲ ಪುಟ್ಟಿ, ತಪ್ಪಾಗಿ ಹಾಕು. ಹೋದ ಸಲ ಹಾಕಿದ್ಯಲ್ಲ, ಹಾಗೆ."

"ಈಗ ನಂಗೆ ಬರುತ್ತೆ ಅಪ್ಪಾ."

"ಬರೋದು ಬೇಡ! ಬರಲ್ಲ ಅನ್ನೋ ಹಾಗೆ ಮಾಡು. ಅಪ್ಪನ ಜಾಣ ಮರಿ ಅಲ್ವಾ?"

ಸರಿಯಾಗಿ ಹಾಕಿದ್ದ ಗುಂಡಿಗಳನ್ನು ಅವಳು ಎರಡೂ ಕೈಯಿಂದ ಮುಚ್ಚಿಕೊಂಡಳು. ಆದರೂ ಗುಂಡಿ ಬಿಚ್ಚಿ, ತಪ್ಪಾಗಿ ಹಾಕಿ, "ಇದಕ್ಕೆ ಮನೇನೇ ಇಲ್ಲ" ಎಂದು ಒಪ್ಪಿಸಿದಳು. ಭೇಷ್ ಸಿಕ್ಕಿತು.

ಸ್ಟುಡಿಯೋದವರು ತಮ್ಮ ಮನೆಮಂದಿಗೆಲ್ಲ ಚಿತ್ರ ತೋರಿಸಿದ ದಿನ, ಗುಂಡಿಯ ದೃಶ್ಯ ಬಂದಾಗ ಥಿಯೇಟರಿನಲ್ಲಿ ಮೂಗೊರೆಸಿಕೊಳ್ಳುವ ಸದ್ದು. "ಎಂಥ ತಾಳ್ಮೆ ಆ ಅಪ್ಪಂದು!" ಎಂದು ಹಿಂದಿನ ಸಾಲಿನಲ್ಲಿ ಯಾರೋ ಹೇಳಿದರು. ಇವನಿಗೂ ಅಳು ಬಂತು. ಎಲ್ಲರಿಗೂ ಬಂದಂತೆ ಬಂದದ್ದು, ಪಕ್ಕದಲ್ಲಿ ತೂಕಡಿಸುತ್ತಿದ್ದ ಮಗಳ ಕೈ ಹಿಡಿದಾಗ ಬೇರೆಯೇ ಆಯಿತು. ಆ ತಾಳ್ಮೆಯನ್ನು ತಾನು ಬರೆದದ್ದು, ಬಾಳಿದ್ದಲ್ಲ ಎಂದು ಕರುಳಿಗೇ ನಾಟಿತು. ನಾಳೆಯಿಂದ ಹೀಗಲ್ಲ ಎಂದುಕೊಂಡ.

ಮಾತಿಗೆ ತಪ್ಪಲಿಲ್ಲ. ಮರುದಿನ ಬೆಳಿಗ್ಗೆ ಫೋನನ್ನು ಒಳಗಿನ ಕೋಣೆಯಲ್ಲಿ ಬಿಟ್ಟು ಬಂದು, ಚಕ್ಕಳಮಕ್ಕಳ ಹಾಕಿ ಕೂತ. "ನೀನೇ ಹಾಕ್ಕೊ ಪುಟ್ಟಿ." ಅವಳು ನಾಲಿಗೆಯ ತುದಿ ಹೊರಗಿಟ್ಟು, ಮೊದಲ ಗುಂಡಿಯನ್ನು ಪಕ್ಕದ ತೂತಿಗೆ ಸೇರಿಸಿ, ಒಂದೊಂದೇ ಹತ್ತಿ ಮೇಲೆ ಬಂದು, "ಅಯ್ಯೋ, ಇದಕ್ಕೆ ಮನೇನೇ ಇಲ್ಲ ಅಪ್ಪಾ!" ಎಂದಳು.

"ಇವತ್ತು ಸರಿಯಾಗೇ ಹಾಕ್ಕೊ ಕಂದಾ. ನಾನು ಸುಮ್ನೆ ನೋಡ್ತಾ ಕೂತಿರ್ತೀನಿ."

ಪುಟ್ಟಿ ಕಪಾಟಿನ ಕಡೆ ನೋಡಿದಳು. "ಫೋನೆಲ್ಲಿ?"

"ಇವತ್ತು ಫೋನಿಲ್ಲ."

ಪುಟ್ಟಿ ಎದ್ದು ಅವನ ಹತ್ತಿರ ಬಂದಳು. ಕೈಗಳೆರಡನ್ನೂ ಪಕ್ಕಕ್ಕೆ ಇಳಿಬಿಟ್ಟು, ಎದೆ ಮುಂದೆ ಮಾಡಿ ನಿಂತಳು.

"ಹಾಗಾದ್ರೆ ಬೇಗ ಹಾಕು ಅಪ್ಪಾ, ಲೇಟಾಯ್ತು."