ನೂರಾ ಇಪ್ಪತ್ತೆರಡು ಡಿಗ್ರಿ

ಕುಕ್ಕರ್ ಕೂಗುವಷ್ಟರಲ್ಲಿ ನನ್ನ ವಿದ್ಯಾರ್ಥಿಗಳ ಪ್ರಾಯೋಗಿಕ ಪರೀಕ್ಷೆಯ ಪತ್ರಿಕೆಗಳನ್ನು ತಿದ್ದಿ ಮುಗಿಸುವ ಹಟ ನನ್ನದು. ಬೆಂಜೋಯಿಕ್ ಆಮ್ಲದ ಪುಡಿ ಎಷ್ಟು ಡಿಗ್ರಿಗೆ ಕರಗುತ್ತದೆಂದು ಅವರು ಕಂಡುಹಿಡಿಯಬೇಕಿತ್ತು. ಪುಸ್ತಕದ ಪ್ರಕಾರ ನೂರಾ ಇಪ್ಪತ್ತೆರಡು. ಒಬ್ಬಳನ್ನು ಬಿಟ್ಟು ಎಲ್ಲರೂ ಅಷ್ಟೇ ಬರೆದಿದ್ದರು. ಎಂಥ ಪಾಠ ಮಾಡಿದ್ದೇನೆ ಎಂದು ನನ್ನಷ್ಟಕ್ಕೆ ನಾನೇ ಬೀಗಿದೆ. ನೂರಾ ಹದಿನೆಂಟು ಎಂದು ಬರೆದ ಆ ಒಬ್ಬಳು ನನ್ನ ಮಗಳು ಚಿನ್ಮಯಿ. ಮಗಳೆಂದು ಅಂಕ ಕೊಟ್ಟಳು ಎಂಬ ಮಾತು ಬರಬಾರದೆಂದು ಸೊನ್ನೆ ಸುತ್ತಿದೆ.

ಪಕ್ಕದಲ್ಲಿ ಪಾತ್ರೆ ತೊಳೆಯುತ್ತಿದ್ದ ಅವಳು ನೋಡಿಬಿಟ್ಟಳು.

"ಅಮ್ಮ, ಇದ್ರಲ್ಲಿ ಫೇಲಾದ್ರೆ ನಂಗೆ ವರ್ಷ ಹೋಗುತ್ತೆ."

"ಸಣ್ಣ ಉರೀಲಿ ಕಾಯಿಸು ಅಂತ ಎಷ್ಟು ಸಲ ಹೇಳಿದೀನಿ ಪುಟ್ಟಿ? ಬೆಲ್ಲದ ಪಾಕ ನೋಡೋ ಹಾಗೆ ಕಾದು ನೋಡ್ಬೇಕು. ನಿಂಗೆ ತಾಳ್ಮೆ ಇಲ್ಲ."

"ಸಣ್ಣ ಉರೀಲೇ ಕಾಯಿಸ್ದೆ. ಕಂಡಿದ್ದನ್ನ ಬರ್ದೆ."

"ಮತ್ತೆ ಉಳಿದೋರಿಗೆಲ್ಲ ಸರಿಯಾಗಿ ಕಂಡಿದೆಯಲ್ಲ? ಪರೀಕ್ಷೆ ನಡೀವಾಗ ನಾನು ಸ್ಟಾಫ್ ರೂಮಲ್ಲಿ ಅವರೆಕಾಯಿ ಸುಲೀತಾ ಕೂತಿದ್ದೆ. ಅಷ್ಟು ನಂಬಿಕೆ ನಂಗೆ ಆ ಮಕ್ಕಳ ಮೇಲೆ."

ಅವಳು ಬಾಣಲೆ ಉಜ್ಜುತ್ತಲೇ ಹೇಳಿದಳು.

"ಲ್ಯಾಬಲ್ಲಿ ಒಡೆಯದೆ ಉಳಿದಿದ್ದ ಥರ್ಮಾಮೀಟರ್ ಒಂದೇ ಅಮ್ಮ. ಅದು ಕೊನೇವರೆಗೂ ನನ್ನ ಕೈಲೇ ಇತ್ತು."