‘ಅತ್ತೆ’ಯನ್ನು ಒಲಿಸಿಕೊಂಡ ದಿನ

“ಮೇಲೆ ಹತ್ತೇ, ಹತ್ತು. ಮದುವೆಯಾಗಿ ಬಂದ ದಿನ ಹೊಸ್ತಿಲಲ್ಲಿ ನಿಂತ ಹಾಗೆ ನಿಂತ್ರೆ ಹೇಗೆ?” ಗಂಡ ಕೆಳಗಿನಿಂದ ಕೂಗಿದ.

ಅವಳು ದೊಡ್ಡ ಬುಲ್‌ಡೋಜರಿನ ಚೈನಿನ ಮೇಲೆ ಒಂದು ಕಾಲಿಟ್ಟು, ಕ್ಯಾಬಿನ್ನಿನ ಹಿಡಿಕೆಯನ್ನು ಎರಡೂ ಕೈಗಳಲ್ಲಿ ಗಟ್ಟಿಯಾಗಿ ಹಿಡಿದಿದ್ದಳು. ಅಲ್ಲಿದ್ದ ಮೂರು ಡೋಜರುಗಳಿಗೂ ಕಲಿಯಲು ಬಂದ ಹೊಸದರಲ್ಲೇ ಹೆಸರಿಟ್ಟಿದ್ದಳು. ಚಿಕ್ಕದು ನಾದಿನಿ, ಮುಟ್ಟಿದರೆ ಮುನಿಸು, ಅಷ್ಟೇ ಬೇಗ ರಾಜಿ. ನಡುವಿನದು ಓರಗಿತ್ತಿ, ನಾವು ಬಿಗಿದರೆ ಅದೂ ಬಿಗಿಯುತ್ತದೆ, ಸಡಿಲ ಬಿಟ್ಟರೆ ಅದೂ ಸಡಿಲ. ಇದು ಅತ್ತೆ. ಮುಂದಿನ ಬ್ಲೇಡೇ ಇವಳಿಗಿಂತ ಎತ್ತರ.

“ನಿಮ್ಮಮ್ಮನ ಮುಂದೆ ನಿಂತಾಗಲೂ ನನ್ನ ಕಾಲು ಹೀಗೆ ನಡುಗಿರ್ಲಿಲ್ಲ ರೀ.”

“ಅಮ್ಮ ಮೂವತ್ತು ಟನ್ ಇರ್ಲಿಲ್ಲ ಕಣೇ. ಸುಮ್ನೆ ಹತ್ತು.”

ಹತ್ತಿದಳು. ಆ ಸೀಟು ಅವನದೇ. ಮದುವೆಗೆ ಮುಂಚಿನಿಂದ ಅದರಲ್ಲಿ ಕೂತು ಕೂತು ಅವನ ಬೆನ್ನುಮೂಳೆ ಸವೆದಿತ್ತು. ಇನ್ನೊಮ್ಮೆ ಕೂತರೆ ಕಾಲೇ ಹೋದೀತು ಎಂದು ಡಾಕ್ಟರು ಇಳಿಸಿ ಎರಡು ವರ್ಷವಾಗಿತ್ತು. ಅವನ ಜಾಗಕ್ಕೆ ಬಂದವನೂ ಬಿಟ್ಟು ಹೋದಾಗ, ಬೇರೆ ಆಪರೇಟರನ್ನು ಹುಡುಕುವ ಮೊದಲು ನನ್ನ ಹೆಂಡತಿಯನ್ನು ನೋಡಿ ಎಂದು ಅವನೇ ಮೇಸ್ತ್ರಿಯ ಬೆನ್ನು ಬಿದ್ದಿದ್ದ. ನಾದಿನಿ, ಓರಗಿತ್ತಿ ಇಬ್ಬರೂ ಒಲಿದಾಗಿತ್ತು. ಇವತ್ತು ಅತ್ತೆಯೂ ಒಲಿದರೆ ಕೆಲಸ. ಮೇಸ್ತ್ರಿ ಕೈಕಟ್ಟಿಕೊಂಡು ದೂರದಲ್ಲಿ ನಿಂತಿದ್ದ.

ಎಂಜಿನ್ ಗುಡುಗಿತು. ಅವಳು ಬ್ಲೇಡು ಇಳಿಸಿ ಮುಂದೆ ಸಾಗಿದಳು. ಸೀಟು ತುಸು ಮೇಲೆದ್ದಂತಾಯಿತು. ಗಾಬರಿಯಾಗಿ ಬ್ಲೇಡನ್ನು ಕೆಳಗೆ ಒತ್ತಿದಳು. ಅದು ನೆಲವನ್ನು ಕಚ್ಚಿತು. ಮೇಲೆತ್ತಿದಳು, ಮಣ್ಣು ಗುಡ್ಡೆಯಾಯಿತು. ಆ ಗುಡ್ಡೆಯ ಮೇಲೆ ಚೈನು ಹತ್ತಿ ಡೋಜರು ಇನ್ನಷ್ಟು ಮೂತಿ ಎತ್ತಿತು. ನಾದಿನಿಯಾಗಿದ್ದರೆ ಸಣ್ಣ ತಪ್ಪು ಸಣ್ಣದಾಗಿಯೇ ಮುಗಿಯುತ್ತಿತ್ತು. ಇಲ್ಲಿ ಒಂದು ತಪ್ಪು ಇನ್ನೊಂದನ್ನು ಹೆರುತ್ತಾ ಹೋಯಿತು. ಕೊನೆಯಲ್ಲಿ ನಿಲ್ಲಿಸಿ ತಿರುಗಿ ನೋಡಿದರೆ ಹಿಂದೆಲ್ಲ ಉಬ್ಬು, ತಗ್ಗು, ಉಬ್ಬು.

“ಏನಕ್ಕಾ ಇದು, ನೆಲ ಮಟ್ಟ ಮಾಡಿ ಅಂದ್ರೆ ಸಮುದ್ರ ಮಾಡಿದ್ರಲ್ಲ!” ಮೇಸ್ತ್ರಿ ನಕ್ಕ.

ಗಂಡ ನಗಲಿಲ್ಲ. ಬೆನ್ನಿಗೆ ಬಿಗಿದ ಪಟ್ಟಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ದಾಪುಗಾಲು ಹಾಕುತ್ತಾ ಬಂದವನೇ ಚೈನಿನ ಮೇಲೆ ಕಾಲಿಟ್ಟ. “ಸ್ವಲ್ಪ ಆ ಕಡೆ ಸರಿ. ಒಂದೇ ಒಂದು ಸಲ ತೋರಿಸ್ತೀನಿ.”

“ಇಳೀರಿ.”

“ಒಂದೇ ಸಲ ಕಣೇ. ಏನೂ ಆಗಲ್ಲ.”

“ಇಳೀರಿ ಅಂದೆ!” ಅವಳ ದನಿ ಎಂಜಿನ್ನಿಗಿಂತ ಜೋರಾಗಿ ಬಂತು. ಅವನು ಇಳಿದ. ಬೈಸಿಕೊಂಡ ಮಗುವಿನಂಥ ಮುಖ ನೋಡಲಾರದೆ ಅವಳು ಮೆತ್ತಗಾದಳು. “ತೋರಿಸೋದು ಬೇಡ, ಹೇಳಿ. ಮೊದಲನೇ ಸಲ ಇದನ್ನ ಹತ್ತಿದಾಗ ನೀವು ಏನು ಮಾಡಿದ್ರಿ?”

ಅವನು ಹುಬ್ಬು ಗಂಟಿಕ್ಕಿ ನಿಂತ. ಆಮೇಲೆ ಅವನ ಮುಖದಲ್ಲಿ ಏನೋ ಸಡಿಲವಾಯಿತು. “ನಿನಗಿಂತ ದೊಡ್ಡ ಸಮುದ್ರ ಮಾಡಿದ್ದೆ. ಆಗ ಇದಕ್ಕೆ ಕ್ಯಾಬಿನ್ನೂ ಇರ್ಲಿಲ್ಲ. ನೆತ್ತಿ ಮೇಲೆ ಬಿಸಿಲು, ಬಾಯಿ ತುಂಬ ಧೂಳು. ನಮ್ಮ ಉಸ್ತಾದ್ ಹತ್ತಿ ಬಂದು, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಲಿವರ್ ಹಿಡಿದಿದ್ದ ನನ್ನ ಕೈ ಮೇಲೆ ಹೊದಿಸಿಬಿಟ್ಟ. ಊಟ ಮಾಡೋವಾಗ ಕೈ ನೋಡ್ಕೊಂಡು ಮಾಡ್ತೀಯೇನೋ ಅಂದ.” ಅವನು ತನ್ನಷ್ಟಕ್ಕೇ ನಕ್ಕ. “ಸೀಟು ಎದ್ರೆ ಏಳಲಿ. ನೀನು ಬ್ಲೇಡು ಆಡಿಸ್ತಾ ಅದರ ಹಿಂದೆ ಬೀಳಬೇಡ. ಒಂದು ಗಳಿಗೆ ತಡಿ.”

“ಅಂದ್ರೆ ಅತ್ತೆ ಸಿಟ್ಟು ಅದಾಗೇ ಇಳೀಲಿ ಅಂತ ಸುಮ್ನಿರಬೇಕು.”

“ನಮ್ಮಮ್ಮನ ಹತ್ರ ಹಾಗೇನಾ ಸಂಸಾರ ಮಾಡಿದ್ದು?”

“ಮತ್ತೆ?”

ಅವಳು ಕುತ್ತಿಗೆಗೆ ಕಟ್ಟಿಕೊಂಡಿದ್ದ ವಸ್ತ್ರವನ್ನು ಬಿಚ್ಚಿ ಬಲಗೈ ಮೇಲೆ ಹೊದ್ದುಕೊಂಡಳು. ಹಿಂದಕ್ಕೆ ಹೋಗಿ, ಬ್ಲೇಡು ಇಳಿಸಿ, ಮತ್ತೆ ಹೊರಟಳು. ಸೀಟು ಎದ್ದಿತು. ಹಲ್ಲು ಕಚ್ಚಿ ಸುಮ್ಮನಿದ್ದಳು. ಸೀಟು ತಾನಾಗಿ ಇಳಿಯಿತು. ಬ್ಲೇಡು ಉಬ್ಬುಗಳನ್ನು ಒಂದೊಂದಾಗಿ ಹೆರೆಯಿತು. ಅದರ ಮುಂದೆ ಮಣ್ಣು ತುಂಬಿ, ನಿದ್ದೆಯಲ್ಲಿ ಮಗ್ಗುಲು ಬದಲಿಸುವವರಂತೆ ಉರುಳತೊಡಗಿತು. ಅದರ ಹಿಂದೆಯೇ ಹಸಿಮಣ್ಣು ಮತ್ತು ಡೀಸೆಲ್ ಬೆರೆತ ವಾಸನೆ ಬಂತು. ಪ್ರತಿ ಸಂಜೆ ಅವನ ಅಂಗಿಯ ಜೊತೆ ಮನೆಗೆ ಬರುತ್ತಿದ್ದ ವಾಸನೆ. ಹುಬ್ಬಿನ ತುಂಬ ಧೂಳು ತುಂಬಿಕೊಂಡು ಬರುತ್ತಿದ್ದವನನ್ನು ಬಚ್ಚಲಿಗೆ ಅಟ್ಟಿ, ಆ ಅಂಗಿಯನ್ನು ಬೈಯುತ್ತಲೇ ನೆನೆಸುತ್ತಿದ್ದಳು. ಎರಡು ವರ್ಷದಿಂದ ಅವನ ಅಂಗಿಗಳು ಬರೀ ಸೋಪಿನ ವಾಸನೆ ಹೊಡೆಯುತ್ತಿದ್ದವು. ಅವಳ ಕಣ್ಣು ಮಂಜಾಯಿತು. ಕೈ ಮಾತ್ರ ಅಲುಗಲಿಲ್ಲ.

ಇನ್ನೊಂದು ಸುತ್ತು ಹೋಗಿ ಬಂದಳು. ನೆಲ ಚಾಪೆ ಹಾಸಿದಂತೆ ಮಲಗಿತ್ತು. ಮೇಸ್ತ್ರಿ ಅದರ ಮೇಲೆ ಅಷ್ಟು ದೂರ ನಡೆದು ನೋಡಿ, ಹಿಂದಿರುಗಿ, “ನಾಳೆ ಬೆಳಿಗ್ಗೆ ಬೇಗ ಬನ್ನಿ ಅಕ್ಕಾ” ಎಂದು ಕೂಗಿದ.

ಅವಳು ಶಭಾಸ್ ಎನ್ನಿಸಿಕೊಳ್ಳಲು ಗಂಡನ ಕಡೆ ತಿರುಗಿದಳು. ಅವನು ನೆಲವನ್ನೂ ನೋಡುತ್ತಿರಲಿಲ್ಲ, ಇವಳನ್ನೂ ನೋಡುತ್ತಿರಲಿಲ್ಲ. ಬೂಟು, ಕಾಲುಚೀಲ ಬಿಚ್ಚಿ ಪಕ್ಕಕ್ಕಿಟ್ಟು, ಮಣ್ಣಿನ ಮೇಲೆ ಬರಿಗಾಲಲ್ಲಿ ಕಣ್ಣು ಮುಚ್ಚಿ ನಿಂತಿದ್ದ. ಡೋಜರಿನ ನಡುಕ ನೆಲದೊಳಗಿಂದ ಅವನ ಅಂಗಾಲಿಗೆ ಹತ್ತುತ್ತಿತ್ತು.

ಸಾಕು, ಆರಿಸಿ ಎಂದು ಮೇಸ್ತ್ರಿ ಕೈ ಬೀಸಿದ. ಅವಳು ಕಾಣದವಳಂತೆ ಎಂಜಿನ್ನನ್ನು ಹಾಗೇ ಬಿಟ್ಟು ಕುಳಿತಳು.