ಡಯಾಲಿಸಿಸ್ ಕೋಣೆಯ ಮುಂದೆ

ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಕೋಣೆಗೆ ಬೀಗ ಬಿದ್ದಿತ್ತು. ಖಾಸಗಿ ಕಂಪನಿಯ ಕಡೆಯಿಂದ ಅಲ್ಲಿ ಮಷೀನು ನಡೆಸುತ್ತಿದ್ದ ಇರ್ಫಾನ್ ಬಾಗಿಲ ಮುಂದೆ ಧರಣಿ ಕೂತಿದ್ದ. ಹೆಂಡತಿಯನ್ನು ಕರೆತಂದಿದ್ದ ದ್ಯಾಮಣ್ಣನಿಗೆ ಸಿಟ್ಟು ನೆತ್ತಿಗೇರಿತು. ಆಕೆಯ ಮುಖ, ಕಾಲು ಬಾತುಕೊಂಡಿದ್ದವು.

“ಏಳಲೇ! ಈಕಿ ಸತ್ತರ ನಿನ್ನ ಸುಮ್ನ ಬಿಡಂಗಿಲ್ಲ.”

“ಐದು ತಿಂಗಳಾತು ಪಗಾರಿಲ್ಲ, ಕಾಕಾ. ಸರ್ಕಾರ ರೊಕ್ಕಾ ಕೊಟ್ಟಿಲ್ಲ ಅಂತ ಕಂಪನಿ ಅಂತೈತಿ, ಕೊಟ್ಟೀವಿ ಅಂತ ಸರ್ಕಾರ ಅಂತೈತಿ. ನನ್ನ ಮನ್ಯಾಗೂ ಒಲಿ ಹತ್ತಬೇಕಲ್ಲ?”

“ನಿನ್ನ ಒಲಿ ಕಟಗೊಂಡು ನನಗೇನಾಗಬೇಕು?”

ದ್ಯಾಮಣ್ಣ ಕೊರಳಪಟ್ಟಿ ಹಿಡಿದು ಎಬ್ಬಿಸಿದ. ಇರ್ಫಾನ್ ಮುಖಕ್ಕೆ ಕೈ ಅಡ್ಡ ಹಿಡಿದ. ದ್ಯಾಮಣ್ಣ ಅವನನ್ನು ಬಾಗಿಲತ್ತ ತಳ್ಳಿ, ಅವನೆದ್ದ ಜಾಗದಲ್ಲಿ ತಾನೇ ಚಕ್ಕಳಮಕ್ಕಳ ಹಾಕಿ ಕೂತ.

“ನಿನ್ನ ಪಗಾರ ಬರೋತನಕ ಇಲ್ಲಿ ನಾ ಕೂಡ್ತೀನಿ. ನೀ ಬೀಗ ತಗದು ಒಳಗ ಹೋಗಿ ಈಕಿನ್ನ ಮಷೀನಿಗೆ ಹಚ್ಚು.”